ನಲವತ್ತೊಂದನೇ ನಂಬರಿನ ಪೌಡರ್ ಡಬ್ಬಿ

ಫೋನು ಎಷ್ಟು ಹಗುರವಾಗಿತ್ತೆಂದರೆ, ಜೇಬಿನಲ್ಲಿದ್ದಾಗ ಇದೆ ಎಂದೇ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಇಲ್ಲವಾದಾಗ ಇಲ್ಲವೆಂದೂ ಗೊತ್ತಾಗಲಿಲ್ಲ. ಅವನ ಸೋಮವಾರ ಕೆಟ್ಟದ್ದು ಇಷ್ಟರಿಂದಲೇ.

ಅವನನ್ನು ಎಲ್ಲರೂ ಚೀಟಿ ಎಂದು ಕರೆಯುತ್ತಿದ್ದರು. ಬಸ್ ನಿಲ್ದಾಣದ ನೆಲಮಾಳಿಗೆಯಲ್ಲಿರುವ ಕಳೆದುಹೋದ ವಸ್ತುಗಳ ವಿಭಾಗದಲ್ಲಿ ಅವನು ಗುಮಾಸ್ತ. ಜನ ಬಸ್ಸಿನಲ್ಲಿ ಮರೆತು ಇಳಿದ ಛತ್ರಿ, ಚೀಲ, ಬುತ್ತಿ ಡಬ್ಬಿ, ಹಲ್ಲಿನ ಸೆಟ್ಟು, ಒಮ್ಮೊಮ್ಮೆ ಊರುಗೋಲು ಕೂಡ (ಅದನ್ನು ಮರೆತವರು ಇಳಿದು ನಡೆದದ್ದು ಹೇಗೋ) ಅಲ್ಲಿಗೆ ಬರುತ್ತಿದ್ದವು. ಪ್ರತಿಯೊಂದಕ್ಕೂ ನಂಬರು ಬರೆದ ಚೀಟಿ ಅಂಟಿಸಬೇಕು, ವಾರಸುದಾರರು ಬಂದರೆ ಪುರಾವೆ ಕೇಳಬೇಕು. ಪುರಾವೆಯ ನಿಯಮಗಳನ್ನು ಬರೆದವನೂ ಅವನೇ. ಆರು ಪುಟ. ಒಂದು ಮಧ್ಯಾಹ್ನ ಮೇಲ್ವಿಚಾರಕಿಯವರು ತಮ್ಮ ಕೈಚೀಲವನ್ನು ಕೌಂಟರಿನ ಮೇಲಿಟ್ಟು ಕೈತೊಳೆಯಲು ಹೋಗಿ ಬರುವಷ್ಟರಲ್ಲಿ ಅದಕ್ಕೂ ಚೀಟಿ ಅಂಟಿಸಿಬಿಟ್ಟಿದ್ದ. ಅದನ್ನು ಬಿಡಿಸಿಕೊಳ್ಳಲು ಅವರು ಒಂದು ವಾರ ಓಡಾಡಿದ್ದರು.

ಇಂಥ ಮನುಷ್ಯ ಮಡಚುವ ಫೋನು ಕೊಂಡದ್ದಕ್ಕೆ ಕಾರಣ ಗಡಿಯಾರದವಳು.

ನಿಲ್ದಾಣದ ಹನ್ನೊಂದು ಗೋಡೆ ಗಡಿಯಾರಗಳನ್ನು ಸರಿಮಾಡಲು ಅವಳು ತಿಂಗಳಿಗೊಂದು ಶನಿವಾರ ಬರುತ್ತಿದ್ದಳು. ಎಂಟು ತಿಂಗಳಿಂದ ಚೀಟಿ ಅವಳ ಏಣಿ ಹಿಡಿದುಕೊಳ್ಳುತ್ತಿದ್ದ. ಕಳೆದ ಶನಿವಾರ ಒಂಬತ್ತನೇ ಗಡಿಯಾರದ ಹತ್ತಿರ, ಏಣಿಯ ಕಾಲುಗಳಿಗೆ ಹೇಳುತ್ತಿರುವವನಂತೆ, ನನ್ನನ್ನು ಮದುವೆ ಆಗ್ತೀರಾ ಎಂದು ಕೇಳಿಯೂ ಬಿಟ್ಟ. ಅವಳು ಬಾಯಲ್ಲಿ ಕಚ್ಚಿಕೊಂಡಿದ್ದ ಸ್ಕ್ರೂ ಡ್ರೈವರನ್ನು ತೆಗೆದು ಕೆಳಗೆ ನೋಡಿದಳು.

"ಯೋಚನೆ ಮಾಡಿ ಸೋಮವಾರ ಫೋನ್ ಮಾಡ್ತೀನಿ. ನನ್ನ ಮಾತು ಹೇಳೋಕೆ ಒಂದೇ ಸಲ ಮಾಡೋದು. ಎತ್ತದಿದ್ರೆ ನಿಮ್ಮ ಮನಸ್ಸೇ ಬದಲಾಯ್ತು ಅಂತ ತಿಳ್ಕೋತೀನಿ. ಹಿಂದೆ ಒಬ್ರಿಗೆ ಇಪ್ಪತ್ತು ಸಲ ಮಾಡಿ ಬುದ್ಧಿ ಕಲ್ತಿದ್ದೀನಿ."

ಚೀಟಿಯ ಹಳೆಯ ಫೋನಿನಲ್ಲಿ ಮಾತಾಡಿದರೆ ಆ ಕಡೆಯವರು ಕೊಡದೊಳಗೆ ತಲೆ ತೂರಿಸಿಕೊಂಡು ಮಾತಾಡಿದಂತೆ ಕೇಳಿಸುತ್ತಿತ್ತು. ಅಂಥದ್ದರಲ್ಲಿ ಜೀವಮಾನದ ಉತ್ತರ ಕೇಳುವುದು ಹೇಗೆ? ಭಾನುವಾರ ಅಂಗಡಿಗೆ ಹೋದವನು ನೇರಳೆ ಬಣ್ಣದ, ಅಂಗೈಯಲ್ಲಿ ಅಡಗುವ, ಮಡಚಿದರೆ ಚೌಕ, ಬಿಚ್ಚಿದರೆ ಉದ್ದವಾಗುವ ಈ ಸುಂದರಿಯನ್ನು ಕಂಡು ಅಲ್ಲೇ ಕರಗಿದ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು, ಹೆಬ್ಬೆರಳೊಂದರಲ್ಲೇ ಟಪ್ಪೆಂದು ಬಿಚ್ಚಿ "ಹಲೋ" ಅನ್ನುವುದನ್ನು ನಲವತ್ತು ಸಲ ಅಭ್ಯಾಸ ಮಾಡಿದ. ನಲವತ್ತರಲ್ಲಿ ಆರು ಸಲ ಫೋನು ಮಂಚದ ಮೇಲೆ ಹಾರಿ ಬಿತ್ತು.

"ಗಾಜಿನ ಬೆನ್ನು ಕಣೋ, ಸೋಪಿನ ಥರ ಜಾರುತ್ತೆ," ಎಂದಳು ತಂಗಿ. "ಮಧ್ಯದಲ್ಲಿ ನೋಡು, ಇಸ್ತ್ರಿ ಸರಿಯಾಗದ ಪ್ಯಾಂಟಿನ ಹಾಗೆ ಗೆರೆ. ಬ್ಯಾಟರಿ ಸಂಜೆವರೆಗೂ ಬರಲ್ಲವಂತೆ. ಇದನ್ನ್ಯಾಕೆ ತಂದೆ?"

"ನಿಂಗೆ ಗೊತ್ತಾಗಲ್ಲ. ಮೇಜಿನ ಮೇಲೆ ಅರ್ಧ ಮಡಚಿ ಇಟ್ರೆ ತಾನೇ ಕೂತ್ಕೊಳ್ಳುತ್ತೆ. ಹೊರಗಡೆ ಇನ್ನೊಂದು ಪುಟ್ಟ ಪರದೆ ಇದೆ. ಯಾರು ಮಾಡಿದ್ರು ಅಂತ ಮುಚ್ಚಿದ್ದಾಗಲೇ ಕಾಣ್ಸುತ್ತೆ. ಬಿಚ್ಚದೇನೂ ಮಾತಾಡ್ಬಹುದು."

"ಯಾರು ಮಾಡ್ತಾರೆ ನಿಂಗೆ? ಅಮ್ಮ, ನಾನು, ಹಲ್ಲಿನ ಡಾಕ್ಟರು."

ಗಡಿಯಾರದವಳ ಹೆಸರನ್ನು ಫೋನಿನಲ್ಲಿ 'ದೇವರೇ ಹೂಂ ಅನ್ನಿಸು' ಎಂದು ಉಳಿಸಿಕೊಂಡಿದ್ದ. ಕರೆ ಬಂದಾಗ ಎದೆಯ ಮೇಲೆಯೇ ನಡುಗಲೆಂದು ಶಬ್ದ ತೆಗೆದು ಕಂಪನಕ್ಕೆ ಇಟ್ಟಿದ್ದ. ವಿಭಾಗದಲ್ಲಿ ಯಾರಿಗೂ ಫೋನಿನ ವಿಷಯ ಹೇಳಬಾರದೆಂದೂ ನಿಶ್ಚಯಿಸಿದ್ದ. ಅವಳ ಕರೆ ಬಂದ ಆ ಗಳಿಗೆಯಲ್ಲಿ ಎಲ್ಲರ ಮುಂದೆ ಟಪ್!

ಸೋಮವಾರ ಒಂಬತ್ತೂವರೆಗೆ ಕಿಟಕಿ ತೆರೆದಾಗ ಛತ್ರಿಯ ಅಜ್ಜಿ ನಿಂತಿದ್ದಳು. ಇದು ಅವಳ ಮೂರನೇ ಭೇಟಿ.

"ಕಪ್ಪು ಛತ್ರಿ ಕಣಪ್ಪ. ಅಗೋ ಕೆಳಗಡೆ ಖಾನೆಯಲ್ಲಿ ಕಾಣ್ತಿದೆ."

ಚೀಟಿ ಬಾಗಿ, ಕೆಳಗಿನ ಖಾನೆಯಿಂದ ಛತ್ರಿಯನ್ನು ಎಳೆದು ತೆಗೆದ. "ಇದಕ್ಕೆ ಎಷ್ಟು ಕಡ್ಡಿ ಅಜ್ಜಿ?"

"ಐವತ್ತು ವರ್ಷ ಜೊತೆಗಿದ್ದ ನನ್ನ ಗಂಡನ ಪಕ್ಕೆಲುಬೇ ಎಣಿಸಿಲ್ಲ, ಛತ್ರಿ ಕಡ್ಡಿ ಎಣಿಸ್ಲಾ?"

"ಹಾಗಾದ್ರೆ ಗುರುವಾರ ಬನ್ನಿ."

"ಬರೋದೇನು, ಇಲ್ಲೇ ಕೂತಿರ್ತೀನಿ," ಎಂದು ಅಜ್ಜಿ ಎದುರಿನ ಬೆಂಚಿನ ಮೇಲೆ, ತೀರ್ಪು ಬರುವವರೆಗೆ ಏಳದ ಫಿರ್ಯಾದಿಯಂತೆ ಕುಳಿತಳು.

ಅವನು ಬಾಗಿದಾಗಲೇ ಫೋನು ಜೇಬಿನಿಂದ ಜಾರಿತ್ತು. ಬಿದ್ದದ್ದು ಕೆಳಗಿದ್ದ ರಟ್ಟಿನ ಪೆಟ್ಟಿಗೆಗೆ. ಅದರ ತುಂಬ ಭಾನುವಾರದ ಬಸ್ಸುಗಳಿಂದ ಬಂದ, ಇನ್ನೂ ದಾಖಲಾಗದ ಉಣ್ಣೆಯ ಕೈಗವಸು, ಟೋಪಿ, ಕರವಸ್ತ್ರ. ಒಂದಿಷ್ಟೂ ಸದ್ದಾಗಲಿಲ್ಲ. ಸ್ವಲ್ಪ ಹೊತ್ತಿಗೆ ಉಗ್ರಾಣದ ದೊಡ್ಡಪ್ಪ ಬಂದು ಆ ಪೆಟ್ಟಿಗೆಯನ್ನು ಎತ್ತಿಕೊಂಡು ರ‍್ಯಾಕುಗಳ ಹಿಂದಿನ ತನ್ನ ಮೇಜಿಗೆ ಹೋದ.

ದೊಡ್ಡಪ್ಪ ಯಾರ ದೊಡ್ಡಪ್ಪನೂ ಅಲ್ಲ. ಮೂವತ್ತೊಂದು ವರ್ಷಗಳಿಂದ ರ‍್ಯಾಕಿನ ಹಿಂದೆ ಕುಳಿತು ರಿಜಿಸ್ಟರು ಬರೆಯುತ್ತಿದ್ದವನು. ಕಿಟಕಿಯಲ್ಲಿ ನಿಂತವರ ಮುಖ ಅವನಿಗೆ ಕಾಣುತ್ತಿರಲಿಲ್ಲ, ದನಿ ಮಾತ್ರ ತೇಲಿ ಬರುತ್ತಿತ್ತು. ಅವನೂ ತಲೆ ಎತ್ತದೆ, ಲೇಖನಿ ನಿಲ್ಲಿಸದೆ, ಅಲ್ಲಿಂದಲೇ ಉತ್ತರ ಕೊಡುತ್ತಿದ್ದ. ಈಗಂತೂ ಗಾಳಿಯಲ್ಲಿ ದನಿ ಕೇಳಿದರೆ ಸಾಕು, ಉತ್ತರ ತಾನಾಗಿ ಹೊರಡುತ್ತಿತ್ತು.

ಹತ್ತು ಗಂಟೆಗೆ ಚೀಟಿ ಹೆಮ್ಮೆಯಿಂದ ಜೇಬು ಮುಟ್ಟಿಕೊಂಡ. ಬರೀ ಎದೆ ಸಿಕ್ಕಿತು.

ಮೊದಲು ನಗು ಬಂತು, ಆಮೇಲೆ ಬೆವರು. ಪ್ಯಾಂಟಿನ ಜೇಬು, ಮೇಜಿನ ಖಾನೆ, ಕಸದ ಬುಟ್ಟಿ, ಮತ್ತೆ ಅದೇ ಅಂಗಿಯ ಜೇಬು. ಕೊನೆಗೆ ಮೇಜಿನ ಕೆಳಗೆ ನಾಲ್ಕು ಕಾಲಲ್ಲಿ ತೆವಳತೊಡಗಿದಾಗ ಅವನ ಮೂಗಿನ ಮುಂದೆ ಪೊರಕೆಯೊಂದು ಬಂದು ನಿಂತಿತು. ಪೊರಕೆಯ ಮೇಲ್ತುದಿಯಲ್ಲಿ ಕಸಗುಡಿಸುವ ಅಕ್ಕ ಇದ್ದಳು.

"ಏನಾದ್ರೂ ಕಳ್ಕೊಂಡ್ರಾ ಚೀಟಿಯಣ್ಣ?"

ಕಳೆದ ವಸ್ತುಗಳ ವಿಭಾಗದ ಗುಮಾಸ್ತ ತನ್ನದೇ ವಸ್ತು ಕಳೆದುಕೊಂಡನೆಂದರೆ! ಅಗ್ನಿಶಾಮಕ ದಳದವನು ತನ್ನ ಮೀಸೆ ಸುಟ್ಟುಕೊಂಡಷ್ಟೇ ಅವಮಾನ.

"ಇಲ್ಲಕ್ಕ, ಸುಮ್ನೆ ನೆಲ ನೋಡ್ತಿದ್ದೆ."

"ಈಗ ತಾನೇ ಗುಡಿಸಿದ್ದೀನಿ. ನನ್ನ ಕೆಲ್ಸದ ಮೇಲೆ ಅನುಮಾನನಾ? ಹಾಗಿದ್ರೆ ಬಾಯಿಬಿಟ್ಟು ಹೇಳಿ, ಹೀಗೆ ನೆಲ ಮೂಸಿ ನೋಡೋದೆಲ್ಲ ಬೇಡ."

ಅವಳನ್ನು ಸಮಾಧಾನಪಡಿಸಿ, ಕಚೇರಿಯ ಫೋನಿನಿಂದ ಗುಟ್ಟಾಗಿ ತನ್ನ ನಂಬರಿಗೆ ಹಚ್ಚಿದ. ಕಿವಿಯಲ್ಲಿ ರಿಂಗ್ ಆಗುತ್ತಿತ್ತು, ಕೋಣೆಯಲ್ಲಿ ಏನೂ ಕೇಳಿಸುತ್ತಿರಲಿಲ್ಲ. ರ‍್ಯಾಕಿನ ಹಿಂದಿನಿಂದ ದೊಡ್ಡಪ್ಪನ ಗೊಣಗು ಮಾತ್ರ ಬಂತು.

"ಥತ್, ಈ ಪೆಟ್ಟಿಗೆ ಒಳಗೆ ಯಾವುದೋ ದುಂಬಿ ಸೇರ್ಕೊಂಡಿದೆ. ಗುಂಯ್ ಅಂತಿದೆ." ಹಿಂದೆಯೇ ರಿಜಿಸ್ಟರಿನಿಂದ ಪೆಟ್ಟಿಗೆಗೆ ದಬದಬನೆ ಬಾರಿಸಿದ ಸದ್ದು.

ಚೀಟಿ ಕರೆ ಕತ್ತರಿಸಿದ. ಎಲ್ಲಿಟ್ಟೆ, ಎಲ್ಲಿಟ್ಟೆ ಎಂದು ಮನೆಯಿಂದ ಕಿಟಕಿಯವರೆಗಿನ ಪ್ರತಿ ಹೆಜ್ಜೆಯನ್ನೂ ನೆನಪಿಸಿಕೊಂಡು, ಹತ್ತೂಕಾಲಿಗೆ ಮತ್ತೊಮ್ಮೆ ಹಚ್ಚಿದ. ಈ ಸಲ ರಿಂಗ್ ಇಲ್ಲ. ನೀವು ಕರೆ ಮಾಡಿದವರು ಬೇರೊಬ್ಬರೊಡನೆ ಮಾತಾಡುತ್ತಿದ್ದಾರೆ ಎಂದಳು ಯಂತ್ರದ ಹೆಂಗಸು.

ಬೇರೊಬ್ಬರೊಡನೆ! ಅವನ ಫೋನು, ಅವನಿಲ್ಲದೆ, ಮಾತಾಡುತ್ತಿದೆ! ಕದ್ದವನೇ ಇರಬೇಕು. ಅಥವಾ ಅವಳೇ ಮಾಡಿದ್ದರೆ? ಕಳ್ಳ ಎತ್ತಿ "ರಾಂಗ್ ನಂಬರ್" ಎಂದುಬಿಟ್ಟರೆ? ಮತ್ತೆ ಮತ್ತೆ ಹಚ್ಚೋಣವೆಂದರೆ, ತಾನು ಹಚ್ಚಿದ ಗಳಿಗೆಯಲ್ಲೇ ಅವಳೂ ಹಚ್ಚಿ, ಲೈನ್ ಸಿಗದೆ ಬಿಟ್ಟುಬಿಟ್ಟರೆ? ಅವನು ಕಚೇರಿಯ ಫೋನನ್ನು ಹಾವನ್ನು ಬುಟ್ಟಿಗಿಡುವಂತೆ ಮೆಲ್ಲನೆ ಇಟ್ಟ. ಆಮೇಲೆ ಮರ್ಯಾದೆಯನ್ನು ಬದಿಗಿಟ್ಟು ಮೇಲ್ವಿಚಾರಕಿಯ ಮುಂದೆ ಹೋಗಿ ನಿಂತ.

"ಮೇಡಂ, ನನ್ನ ಫೋನು ಕಳೆದಿದೆ."

ಮೇಡಂ ಕನ್ನಡಕವನ್ನು ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಹಸಿದವನ ಮುಂದೆ ಎಲೆ ಹಾಕಿದಂತೆ ಅವರ ಮುಖ ಅರಳಿತು.

"ಏನಂದ್ರಿ? ಇನ್ನೊಂದ್ಸಲ ಹೇಳಿ."

"ಫೋನು ಮೇಡಂ. ಕಳೆದಿದೆ."

"ಅಕ್ಕಾ! ದೊಡ್ಡಪ್ಪಾ! ಬನ್ನಿ ಇಲ್ಲಿ, ಚೀಟಿ ಅವರದ್ದೇ ವಸ್ತು ಕಳೆದಿದೆಯಂತೆ!" ಎಂದು ಕೂಗಿ, ಖಾನೆಯಿಂದ ಅರ್ಜಿ ನಮೂನೆ ತೆಗೆದರು. "ಕಪ್ಪು ಶಾಯಿಯಲ್ಲಿ ತುಂಬಿ. ನಿಯಮ ಎರಡು. ನೀವೇ ಬರೆದದ್ದು."

"ನೆಲ ನೋಡ್ತಿದ್ದೆ ಅಂದ್ರಲ್ಲ!" ಎಂದಳು ಅಕ್ಕ.

ದೊಡ್ಡಪ್ಪ ರಿಜಿಸ್ಟರು ಹಿಡಿದುಕೊಂಡು ಬಂದ. "ಫೋನು ಯಾವುದೂ ಬಂದಿಲ್ಲವಪ್ಪ. ಇವತ್ತು ದಾಖಲಾಗಿದ್ದು ಎಡಗೈ ಗವಸು ಮೂರು, ಟೋಪಿ ಎರಡು, ಮೇಲಿನ ಹಲ್ಲಿನ ಸೆಟ್ಟು ಒಂದು, ಹೆಂಗಸರ ಪೌಡರ್ ಡಬ್ಬಿ ಒಂದು, ಅರ್ಧ ಹೆಣೆದ ಸ್ವೆಟರು. ಅಷ್ಟೇ."

"ನಿಮ್ಮ ಫೋನು ಹೇಗಿತ್ತು?" ಮೇಡಂ ಕೇಳಿದರು.

"ಮಡಚೋದು ಮೇಡಂ. ತುಂಬಾ ಚೆನ್ನಾಗಿತ್ತು."

"'ಚೆನ್ನಾಗಿತ್ತು' ಎಂಬುದು ವಿವರಣೆ ಅಲ್ಲ. ನಿಯಮ ಐದು."

"ಮಡಚೋದಾ?" ದೊಡ್ಡಪ್ಪ ತಲೆ ಕೊಡವಿದ. "ಮಡಚೋ ಸಾಮಾನು ಮನುಷ್ಯನ ಹತ್ರ ಉಳಿಯಲ್ಲ ಕಣೋ. ಮಡಚೋ ಛತ್ರಿ, ಮಡಚೋ ಕುರ್ಚಿ, ಮಡಚೋ ಏಣಿ, ಎಲ್ಲಾ ಇಲ್ಲೇ ಬಿದ್ದಿವೆ ನೋಡು. ನೆಟ್ಟಗೆ ಇರೋದನ್ನ ಯಾರೂ ಕಳೆಯಲ್ಲ."

ಊಟದ ಹೊತ್ತಿಗೆ ಚೀಟಿ ನಿಲ್ದಾಣದ ಎಂಟೂ ಪ್ಲಾಟ್‌ಫಾರಂ ತಿರುಗಿ ಬಂದಿದ್ದ. ಎಲ್ಲೇ ತಲೆ ಎತ್ತಿದರೂ ಅವಳು ಸರಿಮಾಡಿದ ಗಡಿಯಾರ. ಹನ್ನೊಂದೂ ಒಂದೇ ಸಮಯ ಹೇಳುತ್ತಿದ್ದವು. ಎರಡು, ಮೂರು, ಮೂರೂವರೆ. ಅವಳು ಈಗ ಮಾಡಿರಬಹುದು, ಈಗ ಮಾಡುತ್ತಿರಬಹುದು ಎಂದುಕೊಂಡು ಪ್ರತಿ ನಿಮಿಷವೂ ಒಮ್ಮೆ ಸತ್ತು ಬದುಕಿದ. ಬೆಂಚಿನ ಮೇಲಿನ ಅಜ್ಜಿಗೂ ಕನಿಕರ ಬಂತು.

"ಯಾರಿಗಾದ್ರೂ ಹುಷಾರಿಲ್ವೇನಪ್ಪ?"

"ಇಲ್ಲ ಅಜ್ಜಿ. ಒಬ್ರು ಫೋನ್ ಮಾಡ್ಬೇಕಿತ್ತು."

"ಹುಡುಗಿನಾ?"

ಅವನು ಅಜ್ಜಿಯ ಪಕ್ಕದಲ್ಲೇ ಕುಳಿತು ಎಲ್ಲವನ್ನೂ ಹೇಳಿಬಿಟ್ಟ. ಎಂಟು ತಿಂಗಳು, ಏಣಿ, ಒಂದೇ ಸಲದ ಕರೆ, ನಲವತ್ತು ಸಲದ ಟಪ್. ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಈ ಬುದ್ಧಿವಂತಿಕೆಗೆ ನನ್ನ ಛತ್ರಿ ಕಡ್ಡಿ ಬೇರೆ ಎಣಿಸ್ತೀಯ," ಎಂದಳು.

ನಾಲ್ಕೂಮುಕ್ಕಾಲಿಗೆ ಅಕ್ಕ ಕಿರುಚಿದಳು. 'ಹೆಂಗಸರ ಅಲಂಕಾರ' ಎಂಬ ಖಾನೆಯ ಮುಂದೆ ಅವಳು ಪೊರಕೆಯನ್ನು ಕತ್ತಿಯಂತೆ ಹಿಡಿದು ನಿಂತಿದ್ದಳು.

"ಮೇಡಂ! ಪೌಡರ್ ಡಬ್ಬಿಗೆ ಚಳಿಜ್ವರ ಬಂದಿದೆ! ನಡುಗ್ತಾ ನಡುಗ್ತಾ ತಾನೇ ಮುಂದಕ್ಕೆ ಬರ್ತಿದೆ!"

ಎಲ್ಲರೂ ಓಡಿದರು. ನೇರಳೆ ಡಬ್ಬಿ, ನಾಲ್ಕೂ ಕಡೆ ದಾರ ಬಿಗಿದು, ಗಂಟಿಗೆ ಕೆಂಪು ಅರಗಿನ ಮುದ್ರೆ ಒತ್ತಿಸಿಕೊಂಡು, ನಲವತ್ತೊಂದು ಎಂಬ ಚೀಟಿ ಹೊತ್ತು, ಖಾನೆಯ ಅಂಚಿಗೆ ತೆವಳುತ್ತಿತ್ತು. ಮೇಡಂ ಅದನ್ನು ಹಿಡಿದುಕೊಂಡರು. ಮುಚ್ಚಳದ ಮೇಲೆ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡ ಪರದೆ ಬೆಳಗಿತು. ಅಷ್ಟು ಜಾಗದಲ್ಲಿ ಹಿಡಿಸಿದ್ದು ಒಂದೇ ಪದ.

"'ದೇವರೇ' ಅಂತ ಬಂದಿದೆ," ಎಂದರು ಮೇಡಂ, ದನಿ ತಗ್ಗಿಸಿ.

ಅಕ್ಕ ಪೊರಕೆ ಬಿಸಾಡಿ ಕೈಮುಗಿದಳು.

"ಅದು ನನ್ನದು! ನನ್ನ ಫೋನು! ಕೊಡಿ ಮೇಡಂ, ಬೇಗ!"

"ನಿಲ್ಲಿ." ಮೇಡಂ ಕೈ ಮೇಲೆತ್ತಿದರು. "ಇದು ನಲವತ್ತೊಂದನೇ ನಂಬರು. ಹೆಂಗಸರ ಪೌಡರ್ ಡಬ್ಬಿ ಅಂತ ದಾಖಲಾಗಿದೆ. ನಿಮ್ಮದು ಅನ್ನೋದಕ್ಕೆ ಪುರಾವೆ? ದೇವರು ನಿಮಗ್ಯಾಕ್ರೀ ಫೋನ್ ಮಾಡ್ತಾನೆ?"

"ದೇವರಲ್ಲ ಮೇಡಂ, ಗಡಿಯಾರದವಳು! ಪೂರ್ತಿ ಹೆಸರು 'ದೇವರೇ ಹೂಂ ಅನ್ನಿಸು' ಅಂತ. ಮದುವೆಗೆ ಕೇಳಿದ್ದೆ, ಇವತ್ತು ಹೇಳ್ತೀನಿ ಅಂದಿದ್ಲು. ದಯವಿಟ್ಟು ಕೊಡಿ!"

ಮೇಡಂ ಅವರ ಕೈ ನಿಜಕ್ಕೂ ಸಡಿಲವಾಯಿತು. ಫೋನು ಕಸಿದುಕೊಂಡ ಚೀಟಿ ಹೆಬ್ಬೆರಳಿನಿಂದ ಟಪ್ಪೆನ್ನಿಸಲು ಹೋದ. ದಾರ ಬಿಡಲಿಲ್ಲ. ಹಲ್ಲಿನಿಂದ ಕಚ್ಚಿದ. ಮೂವತ್ತೊಂದು ವರ್ಷದ ಅನುಭವದ ಗಂಟು ಅದು. ಹೊರಗಿನ ಪರದೆಯ ಮೇಲಾದರೂ ಬೆರಳು ಎಳೆಯೋಣವೆಂದರೆ ಅರ್ಧ ಪರದೆಯ ಮೇಲೆ ಅರಗು ಕುಳಿತಿತ್ತು. ನಡುಕ ನಿಂತಿತು. ಬ್ಯಾಟರಿ ಮುಗಿಯಿತು ಎಂಬ ಪುಟ್ಟ ಕೆಂಪು ಗುರುತು ಒಮ್ಮೆ ಕಣ್ಣು ಮಿಟುಕಿಸಿ, ಫೋನು ಕಪ್ಪಾಯಿತು.

"ಸತ್ತೋಯ್ತಾ?" ಅಕ್ಕ ಪಿಸುಗುಟ್ಟಿದಳು.

"ತೆರೆದು ತೋರಿಸಿದ್ರೆ ಈಗಲೇ ಕೊಡ್ತಿದ್ದೆ," ಎಂದರು ಮೇಡಂ, ಈ ಸಲ ಖುಷಿಯಿಲ್ಲದೆ. "ಈಗ ಅದೂ ಆಗಲ್ಲ. ಗುರುತಿನ ಕಲೆ ಏನಾದ್ರೂ ಇದೆಯಾ?"

"ಮಧ್ಯದಲ್ಲಿ ಒಂದು ಗೆರೆ ಇದೆ."

"ಮಡಚೋದರಲ್ಲೆಲ್ಲ ಇರುತ್ತೆ ಅದು," ಎಂದ ದೊಡ್ಡಪ್ಪ.

"ಬಣ್ಣ ಹೇಳಲಿ," ಬೆಂಚಿನಿಂದ ಅಜ್ಜಿಯ ದನಿ ಬಂತು.

"ನೇರಳೆ!"

"ನಾನು ಕೂತಲ್ಲಿಂದ ನೀಲಿ ಕಾಣ್ತಿದೆ," ಎಂದಳು ಅಜ್ಜಿ. ಸುಳ್ಳಲ್ಲ. ಬೆಳಕಿಗೆ ತಕ್ಕ ಹಾಗೆ ಬಣ್ಣ ಬದಲಾಯಿಸುವುದು ಆ ಫೋನಿನ ಹೆಚ್ಚುಗಾರಿಕೆಗಳಲ್ಲಿ ಒಂದು.

ಮೇಡಂ ನಿಟ್ಟುಸಿರು ಬಿಟ್ಟು ಆರನೇ ಪುಟ ತೆರೆದರು. "ಗುರುವಾರ ಹನ್ನೊಂದು ಗಂಟೆಗೆ ಹಾಜರಾಗಬೇಕು. ಫೋಟೋ ಇರೋ ಗುರುತಿನ ಪತ್ರ ತರಬೇಕು. ರಕ್ತ ಸಂಬಂಧಿಗಳಲ್ಲದ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ನಾನೇನು ಮಾಡ್ಲಿ ಹೇಳಿ, ಬರೆದೋರು ನೀವೇ."

ಚೀಟಿ ಕೌಂಟರಿನ ಮೇಲೆ ತಲೆಯಿಟ್ಟ. ಒಂದೇ ಸಲ ಅಂದಿದ್ದಳು. ಆ ಒಂದು ಸಲ ಅವನ ಕೈಯಲ್ಲೇ ನಡುಗಿ, ಅವನ ಕಣ್ಣೆದುರೇ ನಿಂತುಹೋಯಿತು. ಅಕ್ಕ ಅವನ ಬೆನ್ನು ಸವರಿದಳು. ದೊಡ್ಡಪ್ಪ ರ‍್ಯಾಕಿನ ಹಿಂದೆ ಹೋಗಿ ಕುಳಿತ.

ಗಡಿಯಾರಗಳು ಐದು ಹೊಡೆದವು, ಹನ್ನೊಂದೂ ಒಟ್ಟಿಗೆ. ಕಿಟಕಿಯ ಗಾಜಿನ ಮೇಲೆ ಯಾರೋ ಬೆರಳಿನಿಂದ ತಟ್ಟಿದರು.

"ಸಮಯ ಆಯ್ತು, ಮುಚ್ಚಿದೆ," ಎಂದ ಚೀಟಿ ತಲೆ ಎತ್ತದೆ.

"ಐದು ಹೊಡೆದು ಇನ್ನೂ ಎಂಟು ಸೆಕೆಂಡು. ಈಗ ತಾನೇ ಫೋನ್ ಮಾಡಿದ್ದೆ, ಯಾಕೆ ಎತ್ಲಿಲ್ಲ?"

ಗಡಿಯಾರದವಳು! ಉಪಕರಣಗಳ ಪೆಟ್ಟಿಗೆಯನ್ನು ಭುಜಕ್ಕೆ ನೇತುಹಾಕಿಕೊಂಡು, ಓಡಿ ಬಂದವಳಂತೆ ಉಸಿರು ಬಿಡುತ್ತ ನಿಂತಿದ್ದಳು. ಚೀಟಿ ಎದ್ದು ನಿಂತ.

"ಎತ್ತಿದ್ರೆ ಇಷ್ಟು ದೂರ ಬರೋದು ತಪ್ತಿತ್ತು," ಎಂದಳು ಅವಳು. "ಒಂದು ಮಾತು ಕೇಳ್ಬೇಕಿತ್ತು. ಗುರುತಿನ ಪತ್ರದ ಜೊತೆ ಬೇರೆ ಫೋಟೋನೂ ತರ್ಬೇಕಾ?"

"ಯಾ... ಯಾವುದಕ್ಕೆ?"

"ಗುರುವಾರಕ್ಕೆ! ಬೆಳಿಗ್ಗೆ ನೀವೇ ಹೇಳಿದ್ರಲ್ಲ? ಹತ್ತೂಕಾಲಿಗೆ ಮಾಡ್ದೆ. 'ನನಗೆ ಒಪ್ಪಿಗೆ ಇದೆ, ಮುಂದೇನು?' ಅಂದೆ. ನೀವು ಒಂದು ಉಸಿರೂ ತಗೊಳ್ಳದೆ, 'ಆಯ್ತಮ್ಮ, ಬರ್ಕೊಂಡಿದ್ದೀನಿ, ಗುರುವಾರ ಹನ್ನೊಂದಕ್ಕೆ ಗುರುತಿನ ಪತ್ರ ತಗೊಂಡು ಇಬ್ಬರು ಸಾಕ್ಷಿ ಕರ್ಕೊಂಡು ಬನ್ನಿ' ಅಂದ್ಬಿಟ್ರಿ."

ರ‍್ಯಾಕಿನ ಹಿಂದೆ ಲೇಖನಿ ಕೆಳಗೆ ಬಿದ್ದ ಸದ್ದಾಯಿತು.

"ನನಗೆ ಒಂದು ಗಂಟೆ ತಲೆಯೇ ಓಡ್ಲಿಲ್ಲ," ಅವಳು ಮುಂದುವರಿಸಿದಳು. ಕೆನ್ನೆ ಕೆಂಪಾಗಿತ್ತು. "ಇಷ್ಟು ಅವಸರದ ಮನುಷ್ಯ ಅಂತ ಅಂದ್ಕೊಂಡಿರ್ಲಿಲ್ಲ. ಎಂಟು ತಿಂಗಳು ಏಣಿ ಹಿಡಿದು ನಿಂತೋರು, ನಾಲ್ಕು ದಿನಕ್ಕೆ ಮದುವೆ ಗೊತ್ತು ಮಾಡಿಬಿಟ್ರಿ! ಆಮೇಲೆ ನೋಂದಣಿ ಕಚೇರಿಗೆ ಫೋನ್ ಮಾಡಿ ಕೇಳ್ದೆ. ಗುರುವಾರ ಹನ್ನೊಂದಕ್ಕೆ ಜಾಗ ಖಾಲಿ ಇದೆಯಂತೆ. ಅಮ್ಮ ಮೊದ್ಲು ಅತ್ಲು, ಆಮೇಲೆ ಸೀರೆ ಹುಡುಕೋಕೆ ಹೋದ್ಲು. ನನ್ನ ಕಡೆ ಸಾಕ್ಷಿ ಇಬ್ಬರೂ ತಯಾರು."

ದೊಡ್ಡಪ್ಪ ರ‍್ಯಾಕಿನ ಪಕ್ಕದಿಂದ ತಲೆ ಹೊರಗೆ ಹಾಕಿದ. "ಅಯ್ಯೋ ಮಗಳೇ, ಅದು... ಡಬ್ಬಿ ಮುಚ್ಚಳ ಒರೆಸ್ತಿದ್ದಾಗ ದನಿ ಬಂತು, ಕಿಟಕಿಯಲ್ಲಿ ಯಾರೋ ಅಂದ್ಕೊಂಡು..." ಎನ್ನುವಷ್ಟರಲ್ಲಿ ಅಕ್ಕನ ಪೊರಕೆಯ ಹಿಡಿ ಅವನ ಕಾಲ್ಬೆರಳಿನ ಮೇಲೆ ಕುಳಿತಿತು.

"ದನಿ ಮಾತ್ರ ಸ್ವಲ್ಪ ವಯಸ್ಸಾದೋರ ಹಾಗಿತ್ತು," ಎಂದಳು ಗಡಿಯಾರದವಳು, ಚೀಟಿಯನ್ನೇ ನೋಡುತ್ತ.

ಚೀಟಿ ದೊಡ್ಡಪ್ಪನನ್ನು ನೋಡಿದ, ಮೇಡಂ ಅವರನ್ನು ನೋಡಿದ. ಮೇಡಂ ಚಾವಣಿ ನೋಡುತ್ತಿದ್ದರು.

"ಹೊಸ ಫೋನು," ಎಂದ. "ಅದರಲ್ಲಿ ಹಾಗೇ ಕೇಳ್ಸುತ್ತೆ."

"ಬದಲಾಯಿಸಿಬಿಡಿ ಹಾಗಾದ್ರೆ. ಸರಿ, ನನ್ನ ಬಸ್ಸಿಗೆ ನಾಲ್ಕು ನಿಮಿಷ ಇದೆ. ಗುರುವಾರ ಹನ್ನೊಂದು ಅಂದ್ರೆ ಹನ್ನೊಂದೇ. ಹತ್ತು ಐವತ್ತೊಂಬತ್ತೂ ಅಲ್ಲ, ಹನ್ನೊಂದು ಒಂದೂ ಅಲ್ಲ. ಬರ್ತೀರಿ ತಾನೇ?"

"ಹನ್ನೊಂದೇ," ಎಂದ ಚೀಟಿ. ಅವನ ದನಿ ಈಗ ನಿಜಕ್ಕೂ ಕೊಡದೊಳಗಿನಿಂದ ಬಂದಂತಿತ್ತು.

ಅವಳು ನಕ್ಕು, ಗಾಜಿನ ಮೇಲೆ ಎರಡು ಬೆರಳು ತಟ್ಟಿ, ಮೆಟ್ಟಿಲು ಹತ್ತಿ ಹೋದಳು.

ಮೊದಲು ಬಾಯಿಬಿಟ್ಟವರು ಮೇಡಂ.

"ಹನ್ನೊಂದಕ್ಕೆ ನೀವು ಇಲ್ಲೂ ಹಾಜರಾಗ್ಬೇಕು. ಇಲ್ಲದಿದ್ರೆ ನಿಮ್ಮ ಹಕ್ಕು ರದ್ದು, ನಲವತ್ತೊಂದು ಹರಾಜಿಗೆ. ನಿಯಮ ಹದಿನೇಳು."

"ಆಗಲಿ ಮೇಡಂ, ರದ್ದಾಗಲಿ," ಎಂದ ಚೀಟಿ. ನಗುತ್ತಿದ್ದ. ಆರು ಪುಟದ ನಿಯಮ ಬರೆದವನು ಹಾಗೆ ನಕ್ಕದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. "ನನಗೆ ಈಗ ಇಬ್ಬರು ಸಾಕ್ಷಿ ಬೇಕು. ಎಲ್ಲರ ನಂಬರೂ ಆ ಡಬ್ಬಿಯೊಳಗಿದೆ, ಯಾರನ್ನ ಕರೀಲಿ?"

"ಯಾರನ್ನ ಅಂದ್ರೆ?" ದೊಡ್ಡಪ್ಪ ಸಿಡುಕಿದ. "ನಿನ್ನ ಮದುವೆ ಗೊತ್ತು ಮಾಡಿದ್ದೇ ನಾನು. ನಾನಿಲ್ಲದೆ ಹೇಗಾಗುತ್ತೆ?"

"ಇನ್ನೊಂದು ನಾನೇ," ಎಂದಳು ಅಕ್ಕ. "ದೇವರು ಫೋನ್ ಮಾಡಿದ್ದನ್ನ ಮೊದಲು ಕಂಡಿದ್ದೇ ನಾನು."

"ಹಾಗಾದ್ರೆ ನಾನೊಬ್ಬಳೇ ಇಲ್ಲಿ ಕೂತು ಯಾವ ಅರ್ಜಿ ನೋಡ್ಲಿ?" ಮೇಡಂ ಸ್ವಲ್ಪ ಹೊತ್ತು ಆರೂ ಪುಟಗಳನ್ನು ತಿರುವಿದರು. ಮದುವೆಯ ಕುರಿತು ಏನೂ ಸಿಗಲಿಲ್ಲ. ಒಂದು ರಟ್ಟು ತೆಗೆದುಕೊಂಡು, 'ಗುರುವಾರ ವಿಭಾಗ ಮುಚ್ಚಿರುತ್ತದೆ. ಎಲ್ಲ ವಿಚಾರಣೆ ಮುಂದಿನ ಗುರುವಾರ' ಎಂದು ದಪ್ಪಕ್ಷರದಲ್ಲಿ ಬರೆದು ಕಿಟಕಿಗೆ ತೂಗುಹಾಕಿದರು. "ಸಿಹಿಯಾದದ್ದು ಏನಾದ್ರೂ ಹಂಚಬೇಕು ಆಮೇಲೆ. ಅದಕ್ಕೆ ರಸೀದಿ ಕೇಳಬೇಡಿ."

ಚೀಟಿಯ ಕಣ್ಣು ತುಂಬಿ ಬಂತು. ಸಂತೋಷದ ಭರದಲ್ಲಿ ಕಿಟಕಿಯಿಂದ ಹೊರಗೆ ಬಗ್ಗಿ, "ಅಜ್ಜಿ, ನೀವೂ ಬನ್ನಿ ಮದುವೆಗೆ!" ಎಂದ.

ಅಜ್ಜಿ ಬೋರ್ಡನ್ನು ಎರಡೆರಡು ಸಲ ಓದಿದಳು.

"ಬರ್ತೀನಪ್ಪ, ಚೆನ್ನಾಗಿರಿ. ನನ್ನ ಛತ್ರಿ?"

"ಮುಂದಿನ ಗುರುವಾರ," ಎಂದರು ಮೇಡಂ.

"ಮೇಡಂ, ಹಾಗಾದ್ರೆ ನನ್ನ ಫೋನೂ ಮುಂದಿನ ಗುರುವಾರವೇ ತಾನೇ? ಹರಾಜಿಗೆ ಹೋಗಲ್ಲ ಅಲ್ವಾ?" ಎಂದು ಚೀಟಿ ಕೌಂಟರು ದಾಟಿ ಹೊರಬಂದು, ಅರ್ಜಿ ಹಿಡಿದು ಆಸೆಯಿಂದ ಕಿಟಕಿಯ ಎದುರಿಗೆ ಬಂದ.

ಅಜ್ಜಿ ಬೆಂಚಿನಿಂದ ಎದ್ದು, ಮೊಣಕೈಯಿಂದ ಅವನನ್ನು ಪಕ್ಕಕ್ಕೆ ಸರಿಸಿದಳು.

"ಸಾಲಿನಲ್ಲಿ ಬಾ ಮದುಮಗನೇ. ನಾನು ಬೆಳಿಗ್ಗೆಯಿಂದ ಕಾಯ್ತಿದ್ದೀನಿ."